ಒಳರೋಗಿ ಪುನಶ್ಚೇತನ ಕೇಂದ್ರದ ಆಯ್ಕೆ: ಥೆರಪಿಯ 3 ಗಂಟೆ, ಉಳಿದ 21 ಗಂಟೆ

ಸ್ಟ್ರೋಕ್ ಆದವರಿರಲಿ, ಬೆನ್ನುಹುರಿಗೋ ತಲೆಗೋ ಪೆಟ್ಟು ಬಿದ್ದವರಿರಲಿ, ಐಸಿಯುನಲ್ಲಿ ವಾರಗಟ್ಟಲೆ ಮಲಗಿ ಉಳಿದುಕೊಂಡವರಿರಲಿ, ಅವರ ಮನೆಯವರಿಗೆ ಒಂದು ದಿನ ಡಾಕ್ಟರು ಹೇಳುತ್ತಾರೆ: "ಜೀವಕ್ಕೇನೂ ಅಪಾಯವಿಲ್ಲ. ಇನ್ನು ರಿಹ್ಯಾಬ್‌ಗೆ ಎಲ್ಲಾದರೂ ನೋಡಿಕೊಳ್ಳಿ." ಅಲ್ಲಿಯತನಕ ಎಲ್ಲ ನಿರ್ಧಾರವನ್ನೂ ಆಸ್ಪತ್ರೆಯೇ ಮಾಡಿರುತ್ತದೆ. ಇದೊಂದು ಮಾತ್ರ ಮನೆಯವರ ಹೆಗಲಿಗೆ ಬರುತ್ತದೆ, ಅದೂ ನಿದ್ದೆಗೆಟ್ಟ ಕಣ್ಣಲ್ಲಿ, ಎರಡು ಮೂರು ದಿನದೊಳಗೆ.

ನಾನು ಫಿಸಿಯೋಥೆರಪಿಸ್ಟ್. ಇಂಥ ಮನೆಯವರು ಕೇಂದ್ರಕ್ಕೆ ಬಂದಾಗ ಮೊದಲು ಕೇಳುವುದು ಎರಡು ಪ್ರಶ್ನೆ: ದಿನಕ್ಕೆ ಎಷ್ಟು ಗಂಟೆ ಥೆರಪಿ? ಯಾವ ಯಾವ ಮೆಷಿನ್ ಇವೆ? ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ತಾನಾಗಿ ಮಗ್ಗುಲು ಬದಲಿಸಲಾಗದ, ಮೂತ್ರಕ್ಕೆ ಕ್ಯಾತಿಟರ್, ಊಟಕ್ಕೆ ಟ್ಯೂಬ್ ಇರುವ ರೋಗಿಗೆ ಆ ಎರಡು ಉತ್ತರ ಸಾಲದು. ದಿನಕ್ಕೆ 3 ಗಂಟೆ ಥೆರಪಿ ಸಿಕ್ಕರೂ 21 ಗಂಟೆ ಉಳಿಯುತ್ತದೆ. ಆ 21 ಗಂಟೆ ಅವರನ್ನು ಯಾರು ಮುಟ್ಟುತ್ತಾರೆ, ಹೇಗೆ ಎತ್ತುತ್ತಾರೆ, ಎಷ್ಟು ಹೊತ್ತು ಕೂರಿಸುತ್ತಾರೆ ಎನ್ನುವುದರ ಮೇಲೆ ಥೆರಪಿಯ ಫಲ ನಿಂತಿರುತ್ತದೆ. ಇದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ನಮ್ಮ ದೊಡ್ಡಮ್ಮನ ಹಾಸಿಗೆ ಪಕ್ಕದಲ್ಲಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬೋರ್ಡ್ ಒಂದೇ, ಒಳಗಿರುವುದು ಬೇರೆ ಬೇರೆ

"ಪುನಶ್ಚೇತನ ಕೇಂದ್ರ" ಎಂಬ ಒಂದೇ ಹೆಸರಿನಡಿ ನಾಲ್ಕೈದು ಬಗೆಯ ಜಾಗಗಳಿವೆ.

ಮೊದಲನೆಯದು ತೀವ್ರ ರಿಹ್ಯಾಬ್. ಪುನಶ್ಚೇತನದಲ್ಲೇ ತರಬೇತಿಯಾದ ವೈದ್ಯರ ಉಸ್ತುವಾರಿ ಇರುತ್ತದೆ. ಫಿಸಿಯೋ, ಆಕ್ಯುಪೇಷನಲ್ ಥೆರಪಿ (ಸ್ನಾನ, ಬಟ್ಟೆ, ಊಟದಂಥ ದಿನದ ಕೆಲಸಗಳನ್ನು ಮತ್ತೆ ಕಲಿಸುವುದು), ಸ್ಪೀಚ್ ಥೆರಪಿ (ಮಾತು ಮತ್ತು ನುಂಗುವುದಕ್ಕೆ), ನರ್ಸಿಂಗ್, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಒಂದೇ ತಂಡವಾಗಿ ಕೆಲಸ ಮಾಡುತ್ತಾರೆ. ಅಮೆರಿಕದ ಮೆಡಿಕೇರ್ ವಿಮೆಯ ನಿಯಮದ ಪ್ರಕಾರ ಇಲ್ಲಿ ದಿನಕ್ಕೆ ಸುಮಾರು 3 ಗಂಟೆಯಂತೆ ವಾರಕ್ಕೆ 5 ದಿನ, ಇಲ್ಲವೇ ವಾರಕ್ಕೆ ಒಟ್ಟು 15 ಗಂಟೆ ಥೆರಪಿ ನಡೆಯಬೇಕು. ವೈದ್ಯರು ವಾರಕ್ಕೆ ಕನಿಷ್ಠ 3 ದಿನ ರೋಗಿಯನ್ನು ಖುದ್ದಾಗಿ ನೋಡಬೇಕು, ಇಡೀ ತಂಡ ವಾರಕ್ಕೊಮ್ಮೆ ಒಟ್ಟಿಗೆ ಕೂತು ಚರ್ಚಿಸಬೇಕು. ಬ್ರಿಟನ್ನಿನ ನೈಸ್ ಸಂಸ್ಥೆ 2023ರಲ್ಲಿ ಹೊರಡಿಸಿದ ಸ್ಟ್ರೋಕ್ ಮಾರ್ಗಸೂಚಿಯೂ ದಿನಕ್ಕೆ ಕನಿಷ್ಠ 3 ಗಂಟೆ, ವಾರಕ್ಕೆ ಕನಿಷ್ಠ 5 ದಿನ ಎಂದೇ ಹೇಳುತ್ತದೆ. ಈ 3 ಗಂಟೆ ಎಲ್ಲ ಥೆರಪಿಗಳೂ ಸೇರಿ ಆಗುವ ಲೆಕ್ಕ. ಬರೀ ಫಿಸಿಯೋ 3 ಗಂಟೆ ಎಂದು ತಿಳಿದು ಆಮೇಲೆ ಜಗಳಕ್ಕೆ ನಿಲ್ಲುವವರನ್ನು ನೋಡಿದ್ದೇನೆ.

ಎರಡನೆಯದು ನಿಧಾನಗತಿಯ ರಿಹ್ಯಾಬ್. ಅದೇ ಬಗೆಯ ಥೆರಪಿ, ಆದರೆ ದಿನಕ್ಕೆ ಸುಮಾರು ಒಂದು ಗಂಟೆ, ಸಣ್ಣ ಸಣ್ಣ ತುಂಡುಗಳಲ್ಲಿ. ಇರಬೇಕಾದ ದಿನಗಳು ಹೆಚ್ಚು. ಬೇಗ ದಣಿಯುವ ಹಿರಿಯರಿಗೆ, ಒಟ್ಟೊಟ್ಟಿಗೆ ಹಲವು ಕಾಯಿಲೆ ಇರುವವರಿಗೆ, ಇನ್ನೂ ಪೂರ್ತಿ ಎಚ್ಚರಕ್ಕೆ ಬಾರದ ತಲೆಪೆಟ್ಟಿನ ರೋಗಿಗಳಿಗೆ ಇದು ಹೊಂದುತ್ತದೆ.

ಮೂರನೆಯದು ದೀರ್ಘಾವಧಿ ಆಸ್ಪತ್ರೆ. ವೆಂಟಿಲೇಟರ್ ಬಿಡಿಸುವುದು, ಆಳವಾದ ಗಾಯ, ತಿಂಗಳುಗಟ್ಟಲೆ ಆ್ಯಂಟಿಬಯೋಟಿಕ್ ಬೇಕಾದ ಸೋಂಕು ಇವು ಇಲ್ಲಿನ ಕೆಲಸ. ಥೆರಪಿ ಇರುತ್ತದೆ, ಆದರೆ ಅದು ಎರಡನೇ ಸಾಲಿನಲ್ಲಿ.

ನಾಲ್ಕನೆಯದು ಮನೆಗೆ ಹೋಗಿ, ಅಲ್ಲಿಗೇ ಥೆರಪಿಸ್ಟ್ ಬರುವುದು ಅಥವಾ ಹಗಲು ಕೇಂದ್ರಕ್ಕೆ ಹೋಗಿಬರುವುದು.

ಇವುಗಳ ನಡುವೆ ಬರೀ ಆರೈಕೆ ಕೇಂದ್ರಗಳೂ ಇವೆ. ಸ್ನಾನ, ಊಟ, ಮಾತ್ರೆ ಎಲ್ಲ ಸರಿಯಾಗಿಯೇ ನಡೆಯುತ್ತದೆ. ವಾರಕ್ಕೆರಡು ಸಲ ಒಬ್ಬ ಫಿಸಿಯೋ ಬಂದು ಕೈಕಾಲು ಆಡಿಸಿ ಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಅದು ರಿಹ್ಯಾಬ್ ಅಲ್ಲ. ಗುರುತಿಸುವುದು ಸುಲಭ: "ಮುಂದಿನ ಎರಡು ವಾರದಲ್ಲಿ ಇವರು ಏನು ಮಾಡುವಂತಾಗಬೇಕು ಅಂತ ಗುರಿ ಇಟ್ಟುಕೊಂಡಿದ್ದೀರಿ?" ಎಂದು ಕೇಳಿ. ರಿಹ್ಯಾಬ್ ಕೇಂದ್ರದಲ್ಲಿ ಅದಕ್ಕೆ ಬರೆದಿಟ್ಟ ಉತ್ತರ ಇರುತ್ತದೆ.

ಹೆಚ್ಚು ಥೆರಪಿ ಎಂದರೆ ಹೆಚ್ಚು ಚೇತರಿಕೆಯೇ?

ಯಾವಾಗಲೂ ಅಲ್ಲ. 2015ರಲ್ಲಿ ಪ್ರಕಟವಾದ ಅವರ್ಟ್ ಅಧ್ಯಯನದಲ್ಲಿ 2104 ಸ್ಟ್ರೋಕ್ ರೋಗಿಗಳಿದ್ದರು. ಅವರಲ್ಲಿ ಒಂದು ಗುಂಪನ್ನು 24 ಗಂಟೆಯೊಳಗೇ ಹಾಸಿಗೆಯಿಂದ ಎಬ್ಬಿಸಿ, ಮತ್ತೆ ಮತ್ತೆ, ಹೆಚ್ಚು ಹೊತ್ತು ಓಡಾಡಿಸಲು ನೋಡಿದರು. 3 ತಿಂಗಳ ನಂತರ ನೋಡಿದಾಗ ಒಳ್ಳೆಯ ಸ್ಥಿತಿ ತಲುಪಿದವರ ಪ್ರಮಾಣ ಆ ಗುಂಪಿನಲ್ಲೇ ಕಡಿಮೆಯಿತ್ತು. ಹಾಗೆಂದು ಮಲಗಿಸಿಡುವುದೂ ಸರಿಯಲ್ಲ. ಆರೋಗ್ಯವಂತ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ಅಳೆದಾಗ ಕಾಲುಗಳಿಂದಲೇ ಹತ್ತಿರ ಹತ್ತಿರ 1 ಕಿಲೋ ಮಾಂಸಖಂಡ ಕರಗಿತ್ತು. ಇನ್ನು ಕಾಯಿಲೆ ಬಿದ್ದವರ ಗತಿ ಊಹಿಸಿಕೊಳ್ಳಿ.

ಹಾಗಾಗಿ ತೀವ್ರ ರಿಹ್ಯಾಬೋ, ನಿಧಾನಗತಿಯದೋ ಎನ್ನುವುದನ್ನು ಆಸೆಯಿಂದ ತೀರ್ಮಾನಿಸದೆ, ರೋಗಿ ಈ ವಾರ ಏನನ್ನು ತಾಳಿಕೊಳ್ಳುತ್ತಾರೆ ಎಂದು ನೋಡಿ ತೀರ್ಮಾನಿಸಬೇಕು. ನಾನು ನೋಡುವುದು ಇಷ್ಟು: ಆಸರೆ ಕೊಟ್ಟರೆ ಕುರ್ಚಿಯಲ್ಲಿ ಒಂದು ಗಂಟೆಯಾದರೂ ಕೂರುತ್ತಾರಾ? ಕೂರಿಸಿದಾಗ ಬಿಪಿ ಬೀಳದೆ ನಿಲ್ಲುತ್ತದಾ? (ಎದ್ದ 3 ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದಕ್ಕೆ ಮೊದಲು ಚಿಕಿತ್ಸೆ ಬೇಕು.) "ಕೈ ಎತ್ತಿ" ಎಂಬಂಥ ಒಂದು ಮಾತನ್ನು ತಿಳಿದುಕೊಂಡು ಮಾಡುತ್ತಾರಾ? ನಿನ್ನೆ ಹೇಳಿಕೊಟ್ಟದ್ದು ಇವತ್ತು ಸ್ವಲ್ಪವಾದರೂ ಉಳಿದಿದೆಯಾ? ಜ್ವರ, ಆಮ್ಲಜನಕ, ಸಕ್ಕರೆ ಎರಡು ಮೂರು ದಿನದಿಂದ ಸ್ಥಿರವಾಗಿವೆಯಾ?

ಹೆಚ್ಚಿನವಕ್ಕೆ ಉತ್ತರ "ಹೌದು" ಎಂದಾದರೆ ತೀವ್ರ ರಿಹ್ಯಾಬ್‌ಗೇ ಪ್ರಯತ್ನಿಸಿ, ಬಿಡಬೇಡಿ. "ಇನ್ನೂ ಇಲ್ಲ" ಎಂದಾದರೆ ನಿಧಾನಗತಿಯಲ್ಲಿ ಶುರು ಮಾಡಿ, ಆದರೆ ಸೇರಿಸುವ ದಿನವೇ ಒಂದು ಮಾತು ತೆಗೆದುಕೊಳ್ಳಿ: ತಾಳಿಕೆ ಬಂದಮೇಲೆ ತೀವ್ರ ರಿಹ್ಯಾಬ್‌ಗೆ ಕಳಿಸುವ ನಿರ್ಧಾರ ಯಾರದು, ಎಷ್ಟು ದಿನಕ್ಕೊಮ್ಮೆ ಪರಿಶೀಲಿಸುತ್ತಾರೆ? ಈ ಮಾತಿಲ್ಲದೆ ಸೇರಿದವರು ಅಲ್ಲೇ ಉಳಿದುಬಿಡುತ್ತಾರೆ. ಮೊದಲ ವಾರ ಕೂರಲಾಗದಿದ್ದವರು ಮೂರನೇ ವಾರ ಚೆನ್ನಾಗಿ ಕೂರುತ್ತಿದ್ದರೂ ಫೈಲಿನಲ್ಲಿ "ತಾಳಿಕೆ ಕಡಿಮೆ" ಎಂಬ ಹಳೆಯ ಸಾಲೇ ಇರುತ್ತದೆ.

ಬೆನ್ನುಹುರಿ ಪೆಟ್ಟಿನವರಿಗೆ ಮಾತ್ರ ಈ ಲೆಕ್ಕ ಹಾಕುತ್ತಾ ಕೂರಬೇಡಿ. ತಾಳಿಕೆ ಎಷ್ಟೇ ಇರಲಿ, ಬೆನ್ನುಹುರಿಗೆಂದೇ ಇರುವ ಘಟಕ ಸಿಗುವುದಾದರೆ ಅಲ್ಲಿಗೇ ಹೋಗಬೇಕು. ಯಾಕೆನ್ನುವುದು ಮುಂದೆ ಗೊತ್ತಾಗುತ್ತದೆ.

ಜಾಗವನ್ನು ನಿರ್ಧರಿಸುವ ಜಟಿಲ ಅಗತ್ಯಗಳು

ಕೈಕಾಲಿನ ಶಕ್ತಿಗಿಂತ ಈ ಕೆಳಗಿನವೇ ಎಷ್ಟೋ ಸಲ ಯಾವ ಕೇಂದ್ರ ಎನ್ನುವುದನ್ನು ತೀರ್ಮಾನಿಸುತ್ತವೆ. ಫೋನಿನಲ್ಲಿ "ಎಲ್ಲಾ ನೋಡ್ಕೋತೀವಿ" ಎಂದು ಯಾರು ಬೇಕಾದರೂ ಹೇಳಬಹುದು, ಒಂದೊಂದಾಗಿ ಕೇಳಿ.

ಉಸಿರಾಟಕ್ಕೆಂದು ಕುತ್ತಿಗೆಯಲ್ಲಿ ತೂತು ಮಾಡಿ ಹಾಕಿದ ಟ್ರಕಿಯಾಸ್ಟಮಿ ಟ್ಯೂಬ್ ಇದ್ದರೆ, ರಾತ್ರಿ ಸಕ್ಷನ್ ಮಾಡುವವರು, ಅಂದರೆ ಕಟ್ಟಿದ ಕಫವನ್ನು ಹೀರಿ ತೆಗೆಯುವವರು, ಯಾರು, ಅವರ ಪಾಲಿಗೆ ಎಷ್ಟು ರೋಗಿಗಳು ಎಂದು ಕೇಳಿ. ಟ್ಯೂಬನ್ನು ಶಾಶ್ವತವೆಂದು ಬಿಟ್ಟುಬಿಡುತ್ತಾರಾ, ಅಥವಾ ಕಫ್ (ಟ್ಯೂಬಿನ ಸುತ್ತಲಿನ ಗಾಳಿಬಲೂನು) ಇಳಿಸಿ, ಮಾತಿನ ವಾಲ್ವ್ ಹಾಕಿ, ಹಂತ ಹಂತವಾಗಿ ತೆಗೆಯುವ ಯೋಜನೆ ಇದೆಯಾ? ಟ್ಯೂಬ್ ಇರುವುದರಿಂದ ಸೇರಿಸಿಕೊಳ್ಳುವುದಿಲ್ಲ ಎನ್ನುವ ಕೇಂದ್ರಗಳಿವೆ. ಹಾಗೆ ನೇರವಾಗಿ ಹೇಳುವವರು, ಸೇರಿಸಿಕೊಂಡು ಕೈಚೆಲ್ಲುವವರಿಗಿಂತ ಮೇಲು.

ನುಂಗುವ ತೊಂದರೆಯಲ್ಲಿ ಕಣ್ಣಿಗೆ ಕಾಣದ ಅಪಾಯವಿದೆ. ಕೆಲವರಿಗೆ ನೀರು ಶ್ವಾಸಕೋಶಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ. ಎದುರಿಗೆ ಕೂತು ಚಮಚೆಯಲ್ಲಿ ಕುಡಿಸಿ "ಸರಿಯಾಗಿ ನುಂಗಿದ್ರು" ಎನ್ನುವುದು ಅಂಥವರಿಗೆ ಸಾಲದು. ಎಕ್ಸ್‌ರೇ ವಿಡಿಯೋದಲ್ಲಿ ನುಂಗುವುದನ್ನು ನೋಡುವ ಅಥವಾ ಮೂಗಿನಿಂದ ತೆಳುವಾದ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ ಅಲ್ಲೇ ಆಗುತ್ತದಾ, ಹೊರಗೆ ಕಳಿಸುತ್ತಾರಾ ತಿಳಿದುಕೊಳ್ಳಿ. ಸ್ಪೀಚ್ ಥೆರಪಿಸ್ಟ್ ವಾರಕ್ಕೊಮ್ಮೆ ಮಾತ್ರ ಬರುವ ಕಡೆ ಮೂಗಿನ ಟ್ಯೂಬ್ ಬೇಗ ಹೊರಬರುವುದು ಕಷ್ಟ.

ಮೂತ್ರ, ಮಲದ ವಿಷಯ ಮನೆಯವರು ಸಂಕೋಚದಿಂದ ಕೇಳುವುದೇ ಇಲ್ಲ. ಆದರೆ ಮನೆಗೆ ಹೋದಮೇಲಿನ ಬದುಕನ್ನು ಇದರಷ್ಟು ಬದಲಿಸುವುದು ಬೇರೊಂದಿಲ್ಲ. ಕ್ಯಾತಿಟರ್ ಯಾವಾಗ ತೆಗೆಯುತ್ತೀರಿ, ತೆಗೆದಮೇಲೆ ಮೂತ್ರ ಉಳಿಯುತ್ತಿದೆಯೇ ಎಂದು ಸ್ಕ್ಯಾನ್ ಮಾಡುತ್ತೀರಾ ಎಂದು ಕೇಳಿ. ಬೆನ್ನುಹುರಿ ಪೆಟ್ಟಿನವರಿಗೆ 4ರಿಂದ 6 ಗಂಟೆಗೊಮ್ಮೆ ಸ್ವಚ್ಛ ಟ್ಯೂಬ್ ಹಾಕಿ ಖಾಲಿ ಮಾಡಿ ತೆಗೆಯುವ ಕ್ರಮವಿದೆ. ಒಂದು ಸಲಕ್ಕೆ 500 ಮಿಲೀಗಿಂತ ಹೆಚ್ಚು ತುಂಬಲು ಬಿಡಬಾರದು. ಇದನ್ನು ರೋಗಿಗೆ ಅಥವಾ ಮನೆಯವರಿಗೆ ಕಲಿಸಿಯೇ ಕಳಿಸುವ ಕೇಂದ್ರ ಬೇಕು. ಮಲಕ್ಕೂ ದಿನದ ಒಂದೇ ಹೊತ್ತು, ಊಟವಾದ ಮೇಲೆ, ಎಂಬ ಅಭ್ಯಾಸ ಕೂರಿಸಬೇಕು. ಡೈಪರ್ ಹಾಕಿ ಮುಗಿಸುವುದು ಅಭ್ಯಾಸವಲ್ಲ.

ಬೆನ್ನುಹುರಿಯ ಪೆಟ್ಟು ಎದೆಮಟ್ಟದ ಆರನೇ ಭಾಗದಲ್ಲಿ, ಅಂದರೆ ಟಿ-6ರಲ್ಲಿ, ಅಥವಾ ಅದಕ್ಕಿಂತ ಮೇಲಿದ್ದರೆ ಕೇಂದ್ರದ ಡ್ಯೂಟಿ ನರ್ಸ್‌ಗೆ ಒಂದು ಪ್ರಶ್ನೆ ಹಾಕಿ: "ಇವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವ ಹಾಗೆ ನೋವು, ಮುಖ ಕೆಂಪಗೆ, ಬೆವರು ಬಂದರೆ ನೀವು ಮೊದಲು ಏನು ಮಾಡ್ತೀರಿ?" ತಿಳಿದವರು ತಡಮಾಡದೆ ಹೇಳುತ್ತಾರೆ: ಮೊದಲು ಎಬ್ಬಿಸಿ ಕೂರಿಸ್ತೀವಿ, ಬಟ್ಟೆ ಸಡಿಲಿಸ್ತೀವಿ, ಬಿಪಿ ನೋಡ್ತೀವಿ, ಕ್ಯಾತಿಟರ್ ಮಡಚಿಕೊಂಡಿದೆಯಾ, ಮೂತ್ರಚೀಲ ತುಂಬಿದೆಯಾ, ಮಲ ಕಟ್ಟಿದೆಯಾ ಹುಡುಕ್ತೀವಿ, ಡಾಕ್ಟರನ್ನ ಕರೀತೀವಿ. ಪೆಟ್ಟಿನ ಕೆಳಗೆಲ್ಲೋ ಇರುವ ಒಂದು ಕಿರಿಕಿರಿಗೆ ದೇಹ ಬಿಪಿಯನ್ನು ಏರಿಸುತ್ತಾ ಹೋಗುವ ಸ್ಥಿತಿ ಇದು. ಏರುತ್ತಲೇ ಹೋದರೆ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು. "ನೋವಿನ ಮಾತ್ರೆ ಕೊಟ್ಟು ಮಲಗಿಸ್ತೀವಿ" ಎಂಬ ಉತ್ತರ ಬಂದರೆ ಅಲ್ಲಿಗೆ ಸೇರಿಸಬೇಡಿ. ಮಲಗಿಸಿದರೆ ಬಿಪಿ ಇನ್ನೂ ಏರುತ್ತದೆ. ಬೆನ್ನುಹುರಿಗೆ ಪ್ರತ್ಯೇಕ ಘಟಕ ಬೇಕು ಎಂದದ್ದು ಇದಕ್ಕೇ.

ಡಯಾಲಿಸಿಸ್ ಇರುವವರಿಗೆ ವಾರದ ಮೂರು ದಿನ ಸುಮಾರು ನಾಲ್ಕು ನಾಲ್ಕು ಗಂಟೆ ಅದಕ್ಕೇ ಹೋಗುತ್ತದೆ. ಅದು ಅದೇ ಆವರಣದಲ್ಲಿ ಆಗದಿದ್ದರೆ ಓಡಾಟದಲ್ಲೇ ಥೆರಪಿಯ ದಿನ ಮುಗಿಯುತ್ತದೆ. ತೂಕ ಹೆಚ್ಚಿರುವವರಿಗೆ ಲಿಫ್ಟಿಂಗ್ ಹಾಯ್ಸ್ಟ್ (ರೋಗಿಯನ್ನು ಎತ್ತಿ ದಾಟಿಸುವ ಸಲಕರಣೆ), ಮಂಚ, ಗಾಲಿಕುರ್ಚಿ ಎಷ್ಟು ಭಾರ ತಡೆಯುತ್ತವೆ ಎಂದು ಕಿಲೋ ಲೆಕ್ಕದಲ್ಲೇ ಕೇಳಿ. ತಲೆಪೆಟ್ಟಿನ ರೋಗಿ ರಾತ್ರಿ ಎದ್ದು ಕಿರುಚುತ್ತಿದ್ದರೆ, ಟ್ಯೂಬ್ ಕೀಳುತ್ತಿದ್ದರೆ, ಕೈ ಕಟ್ಟುತ್ತಾರಾ, ಜೊತೆಗೊಬ್ಬರನ್ನು ಕೂರಿಸುತ್ತಾರಾ? ಮನಸ್ಸಿನ ವಿಷಯವೂ ಇದೆ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಖಿನ್ನತೆ ಬರುತ್ತದೆ. "ಸಹಕರಿಸುತ್ತಿಲ್ಲ" ಎಂದು ಥೆರಪಿ ನಿಲ್ಲಿಸಿದ ಎಷ್ಟೋ ರೋಗಿಗಳಿಗೆ ಬೇಕಾಗಿದ್ದದ್ದು ಖಿನ್ನತೆಯ ಚಿಕಿತ್ಸೆ.

ಉಳಿದ 21 ಗಂಟೆ

ನಮ್ಮ ದೊಡ್ಡಮ್ಮನಿಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು, ಮಾತು ಮೂರೂ ಹೋದಾಗ ಕೇಂದ್ರ ಆರಿಸಿದ್ದು ನಾನೇ. ಮನೆಯಲ್ಲಿ ಎಲ್ಲರೂ "ನಿನಗೆ ಗೊತ್ತಿರುತ್ತೆ" ಎಂದು ನನ್ನ ಮೇಲೆ ಬಿಟ್ಟಿದ್ದರು. ಆ ಕೇಂದ್ರದ ಜಿಮ್ ನೋಡಿ ನಾನು ಮಾರುಹೋದೆ. ಥೆರಪಿಸ್ಟ್‌ಗಳೂ ಒಳ್ಳೆಯವರೇ, ಅವರ ಕೆಲಸದಲ್ಲಿ ಒಂದು ಕುಂದೂ ಹುಡುಕಲಾರೆ. ಆದರೆ ಥೆರಪಿ ಮುಗಿಸಿ, ಮಧ್ಯಾಹ್ನದ ಊಟವಾದ ಮೇಲೆ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿದರೆ ಸಂಜೆಯವರೆಗೂ ಅಲ್ಲೇ. ಕೆಳಗೆ ಬರೀ ರೆಕ್ಸಿನ್ ಸೀಟು, ಕುಶನ್ ಇಲ್ಲ. ಜಾರಿದರೆ ಇಬ್ಬರು ಬಂದು ಕಂಕುಳಿಗೆ ಕೈಹಾಕಿ ಮೇಲೆಳೆಯುವುದು. ನೋವಾಗುತ್ತಿದೆ ಎನ್ನಲು ಅವರಿಗೆ ಮಾತೇ ಇರಲಿಲ್ಲ. ಎರಡನೇ ವಾರ ಸೀರೆ ಬದಲಿಸುವಾಗ ನಮ್ಮಕ್ಕ ಬಾಲಮೂಳೆಯ ಮೇಲೆ ಕಪ್ಪಗಾದ ಚರ್ಮ ನೋಡಿದಳು. ಹುಣ್ಣು ಒಡೆದಮೇಲೆ ಕೂರಿಸುವಂತಿಲ್ಲ; ಕೂರಿಸದೆ ಥೆರಪಿ ಇಲ್ಲ. ಎಳೆದೆಳೆದು ಬಲಭುಜವೂ ಊದಿತ್ತು. ಚೇತರಿಕೆ ಚುರುಕಾಗಿರಬೇಕಾದ ವಾರಗಳನ್ನು ಅವರು ಕವುಚಿ ಮಲಗಿ ಕಳೆದರು.

ಆಮೇಲೆ ಸೇರಿಸಿದ ಜಾಗ ನೋಡಲು ಸಾಧಾರಣ. ಮೊದಲ ರಾತ್ರಿ ನಾನೇ ಜೊತೆಗಿದ್ದೆ. 2 ಗಂಟೆಗೆ ನರ್ಸ್ ಬಂದರು. ದೀಪ ಹಾಕಿ, ದೊಡ್ಡಮ್ಮನ ಮುಖಕ್ಕೆ ಕಾಣುವ ಹಾಗೆ ಬಗ್ಗಿ ನಿಂತರು. "ಅಮ್ಮ, ಬಲಕ್ಕೆ ತಿರುಗೋಣ. ಎಡಗೈ ಈ ಕಡೆ ತನ್ನಿ, ಕಂಬಿ ಹಿಡ್ಕೊಳ್ಳಿ." ಬಲಭುಜವನ್ನು ತಾವೇ ಮೆಲ್ಲಗೆ ಮುಂದಕ್ಕೆ ತಂದು, ಅದು ಮೈಯಡಿ ಸಿಕ್ಕಿಕೊಳ್ಳದ ಹಾಗೆ ಇಟ್ಟರು. "ಈಗ ಎಡಗಾಲು ಮಡಚಿ. ಒತ್ತಿ. ನಾನು ಎಳೆಯಲ್ಲ, ನೀವೇ ತಿರುಗಿ." ಆಮೇಲೆ ಸುಮ್ಮನೆ ಕಾದರು. ನಾನಾಗಿದ್ದರೆ ಅಷ್ಟರಲ್ಲಿ ಎಳೆದು ತಿರುಗಿಸಿಬಿಡುತ್ತಿದ್ದೆ. ದೊಡ್ಡಮ್ಮನ ಬೆರಳು ಕಂಬಿಯ ಮೇಲೆ ಬಿಗಿಯಾಯಿತು, ಪಾದ ಹಾಸಿಗೆಗೆ ಒತ್ತಿತು, ಸೊಂಟ ಕದಲಿತು. ಮುಕ್ಕಾಲು ಪಾಲು ತಾವೇ ತಿರುಗಿದರು. ನರ್ಸ್ ಬೆನ್ನಿಗೊಂದು ದಿಂಬು, ಮೊಣಕಾಲುಗಳ ನಡುವೆ ಒಂದು ದಿಂಬು ಇಟ್ಟು, ಬಾಲಮೂಳೆಯ ಚರ್ಮವನ್ನು ಟಾರ್ಚ್ ಹಾಕಿ ನೋಡಿ, ಬರೆದುಕೊಂಡು ಹೋದರು. 4 ಗಂಟೆಗೆ ಮತ್ತೆ ಬಂದರು.

ದಿನಕ್ಕೆ ಹತ್ತಾರು ಸಲ ಹೀಗೆ ತಿರುಗಿದರೆ ಅದೆಷ್ಟು ಥೆರಪಿಯಾಯಿತು ಲೆಕ್ಕ ಹಾಕಿ. ಯಾವ ಬಿಲ್ಲಿನಲ್ಲೂ ಅದು ಥೆರಪಿ ಎಂದು ಬರುವುದಿಲ್ಲ.

ಬೆನ್ನುಹುರಿ ಪುನಶ್ಚೇತನದ ಚರಿತ್ರೆ ತಿರುಗುವುದೂ ಇದೇ ಜಾಗದಲ್ಲಿ. ಎರಡನೇ ಮಹಾಯುದ್ಧದ ತನಕ ಬೆನ್ನುಹುರಿ ಮುರಿದವರಲ್ಲಿ ಹೆಚ್ಚಿನವರು ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕಿನಿಂದಲೇ ಸಾಯುತ್ತಿದ್ದರು. ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದಿದ್ದ ವೈದ್ಯ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಘಟಕ ತೆರೆದಾಗ ಹಿಡಿದ ಹಟ ಏನೆಂದರೆ, ಹಗಲಿರಲಿ ರಾತ್ರಿಯಿರಲಿ 2 ಗಂಟೆಗೊಮ್ಮೆ ಪ್ರತಿ ರೋಗಿಯ ಮಗ್ಗುಲು ಬದಲಾಗಬೇಕು, ಮೂತ್ರದ ಆರೈಕೆಯಲ್ಲಿ ಶುಚಿತ್ವ ತಪ್ಪಬಾರದು. ಹಾಗೆ ಬದುಕಿ ಉಳಿದವರೇ 1948ರ ಜುಲೈ 29ರಂದು ಅಲ್ಲಿನ ಅಂಗಳದಲ್ಲಿ ಗಾಲಿಕುರ್ಚಿಯಲ್ಲಿ ಕೂತು ಬಿಲ್ಲುಗಾರಿಕೆ ಸ್ಪರ್ಧೆ ನಡೆಸಿದರು, 16 ಮಂದಿ. ಇಂದಿನ ಪ್ಯಾರಾಲಿಂಪಿಕ್ಸ್ ಮೊಳೆತದ್ದು ಅಲ್ಲಿ.

ಮೆಷಿನ್‌ಗಳ ಬಗ್ಗೆ

ಹೆಚ್ಚು ಹೇಳುವುದಿಲ್ಲ. 2011ರ ಲೀಪ್ಸ್ ಅಧ್ಯಯನ 408 ಸ್ಟ್ರೋಕ್ ರೋಗಿಗಳಲ್ಲಿ, ದೇಹದ ಭಾರವನ್ನು ಬೆಲ್ಟಿನಲ್ಲಿ ಎತ್ತಿಹಿಡಿದು ಟ್ರೆಡ್‌ಮಿಲ್ ಮೇಲೆ ನಡೆಸುವ ತರಬೇತಿಯನ್ನು, ಫಿಸಿಯೋ ಮನೆಗೆ ಬಂದು ಮಾಡಿಸುವ ವ್ಯಾಯಾಮದೊಂದಿಗೆ ಹೋಲಿಸಿತು. ಟ್ರೆಡ್‌ಮಿಲ್ ಮೇಲುಗೈ ಸಾಧಿಸಲಿಲ್ಲ. 2019ರ ರಾಟ್ಯುಲ್ಸ್ ಅಧ್ಯಯನದಲ್ಲಿ 770 ಜನರಿದ್ದರು. ರೋಬಾಟ್ ಸಹಾಯದ ತೋಳಿನ ತರಬೇತಿ ಮಾಮೂಲಿ ಚಿಕಿತ್ಸೆಗಿಂತ ಕೈಯ ಬಳಕೆಯನ್ನು ಹೆಚ್ಚು ಸುಧಾರಿಸಲಿಲ್ಲ. ಮೆಷಿನ್ ಬೇಡವೆಂದಲ್ಲ. ಎರಡು ಕೇಂದ್ರಗಳ ನಡುವೆ ರೋಬಾಟ್ ಒಂದನ್ನೇ ನೋಡಿ ಆರಿಸಬೇಡಿ ಎಂದಷ್ಟೇ. ಚಲನೆ ಬಹಳ ಕಡಿಮೆ ಇರುವವರಿಗೆ ನಾನು ಹುಡುಕುವ ಸಲಕರಣೆಗಳು ಬೇರೆ: ವಾರ್ಡಿನಲ್ಲೇ ಇರುವ ಹಾಯ್ಸ್ಟ್, ಟಿಲ್ಟ್ ಟೇಬಲ್ (ಮಲಗಿದವರನ್ನು ಕಟ್ಟಿ ಮೆಲ್ಲಗೆ ನಿಲ್ಲಿಸುವ ಮೇಜು), ಎತ್ತರ ಹೆಚ್ಚುಕಡಿಮೆಯಾಗುವ ಮಂಚ, ಅವರವರ ಅಳತೆಗೆ ಹೊಂದಿಸಿದ ಗಾಲಿಕುರ್ಚಿ, ಒತ್ತಡ ಹಂಚುವ ಕುಶನ್.

ಮನೆಗೇ ಕರೆದುಕೊಂಡು ಹೋದರೆ?

ಸೌಮ್ಯ ಅಥವಾ ಮಧ್ಯಮ ಪ್ರಮಾಣದ ಸ್ಟ್ರೋಕ್ ಆದವರನ್ನು ಬೇಗ ಮನೆಗೆ ಕಳಿಸಿ, ಅಲ್ಲಿಗೇ ಪೂರ್ತಿ ತಂಡ ಹೋಗಿ ಥೆರಪಿ ಕೊಡುವ ಕ್ರಮ ಚೆನ್ನಾಗಿ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿದೆ. ಇಲ್ಲಿ "ಪೂರ್ತಿ ತಂಡ" ಎನ್ನುವ ಮಾತು ಮುಖ್ಯ. ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳೊಂದಿಗೆ ನಡೆದು 2017ರಲ್ಲಿ ಪ್ರಕಟವಾದ ಅಟೆಂಡ್ ಅಧ್ಯಯನ, ಮನೆಯವರಿಗೇ ತರಬೇತಿ ಕೊಟ್ಟು ಅವರಿಂದಲೇ ರಿಹ್ಯಾಬ್ ಮಾಡಿಸಿ ನೋಡಿತು. 6 ತಿಂಗಳ ನಂತರ ಸಾವು ಮತ್ತು ಪರಾವಲಂಬನೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆ ಮನೆಯವರ ಪ್ರೀತಿಯಲ್ಲಿ ಕೊರತೆಯಿತ್ತೆಂದು ನಾನು ನಂಬುವುದಿಲ್ಲ. ತಂಡದ ಕೆಲಸವನ್ನು ಒಬ್ಬ ಮಗಳ ಅಥವಾ ಸೊಸೆಯ ಹೆಗಲಿಗೆ ಹಾಕಬಾರದು.

ನನ್ನ ಅಂದಾಜಿನಲ್ಲಿ, ಮಂಚದಿಂದ ಕುರ್ಚಿಗೆ ಒಬ್ಬರ ಸಹಾಯದಲ್ಲಿ ದಾಟುತ್ತಾರೆ, ನುಂಗುವುದು ಸುರಕ್ಷಿತವೆಂದು ಪರೀಕ್ಷೆಯಾಗಿದೆ, ರಾತ್ರಿ ಸಕ್ಷನ್ ಬೇಕಿಲ್ಲ, ತೆರೆದ ಹುಣ್ಣಿಲ್ಲ, ಇಷ್ಟೂ ಇದ್ದರೆ ಮನೆ ಒಳ್ಳೆಯ ಆಯ್ಕೆ. ಇವುಗಳಲ್ಲಿ ಎರಡು ತಪ್ಪಿದರೂ ಮೊದಲು ಒಳರೋಗಿಯಾಗಿ ಸೇರಿಸುವುದೇ ಸರಿ.

"ನಡೀತಾರಾ?" ಎಂಬ ಪ್ರಶ್ನೆ

ಎಲ್ಲರೂ ಇದನ್ನೇ ಕೇಳುತ್ತಾರೆ, ಕೇಳದಿರಲು ಸಾಧ್ಯವೂ ಇಲ್ಲ. ಆದರೆ ಕೇಂದ್ರಗಳನ್ನು ಹೋಲಿಸಲು ಅದಕ್ಕಿಂತ ಒಳ್ಳೆಯ ಅಳತೆ ಇದೆ: ದಾಟಿಸಲು ಎಷ್ಟು ಜನ ಬೇಕು? ಮಂಚದಿಂದ ಕುರ್ಚಿಗೆ ಇಬ್ಬರು ಬೇಕಾದ ರೋಗಿಗೆ ಮನೆಯಲ್ಲಿ ಯಾವ ಹೊತ್ತಿಗೂ ಇಬ್ಬರು ಇರಲೇಬೇಕು. ಒಬ್ಬರು ಸಾಕಾದರೆ ಇನ್ನೊಬ್ಬರು ಕೆಲಸಕ್ಕೆ ಹೋಗಬಹುದು. ಒಂದು ಹೆಜ್ಜೆಯೂ ನಡೆಯದಿದ್ದರೂ ಇಬ್ಬರಿಂದ ಒಬ್ಬರಿಗೆ ಇಳಿದರೆ ಇಡೀ ಮನೆಯ ಬದುಕು ಬದಲಾಗುತ್ತದೆ. ಸೇರಿಸುವಾಗಲೇ ಈ ಗುರಿಯನ್ನು ಬರೆಸಿ.

ಕೇಂದ್ರಗಳು ಪ್ರಗತಿಯನ್ನು, ಅಂದರೆ ದಿನದ ಕೆಲಸಗಳನ್ನು ರೋಗಿ ಎಷ್ಟರಮಟ್ಟಿಗೆ ತಾವೇ ಮಾಡಿಕೊಳ್ಳುತ್ತಾರೆ ಎನ್ನುವುದನ್ನು, ಅಂಕಿಯಲ್ಲಿ ಅಳೆಯುತ್ತವೆ; ಅಂಕಿ ಏರಿದಷ್ಟೂ ಒಳ್ಳೆಯದು. ಬಾರ್ಥೆಲ್ ಸೂಚಿ 0ಯಿಂದ 100ರವರೆಗೆ. ಫಿಮ್ ಮಾಪಕದಲ್ಲಿ 18 ಅಂಶ, ಒಟ್ಟು 18ರಿಂದ 126. ಸೇರಿದ ದಿನದ ಅಂಕಿ, ಪ್ರತಿ ವಾರದ ಅಂಕಿ ಎರಡನ್ನೂ ಕೇಳಿ ಪಡೆಯಿರಿ. ಒಟ್ಟು ಅಂಕಿಯನ್ನಷ್ಟೇ ನೋಡಿ ಸಮಾಧಾನ ಪಡಬೇಡಿ. ಮುಖ ತೊಳೆಯುವುದರಲ್ಲಿ ಎರಡು ಅಂಕ ಏರಿ, ಶೌಚಕ್ಕೆ ದಾಟುವುದು ಅಲ್ಲೇ ನಿಂತಿದ್ದರೆ, ಯಾಕೆ ನಿಂತಿದೆ ಎಂದು ವಾರದ ಸಭೆಯಲ್ಲಿ ಕೇಳಬೇಕು. ಆ ಸಭೆಗೆ ಮನೆಯವರನ್ನು ಕರೆಯದ ಕೇಂದ್ರವನ್ನು ನಾನು ಪಟ್ಟಿಯ ಕೆಳಗೆ ಹಾಕುತ್ತೇನೆ.

ನೋಡಲು ಹೋಗುವಾಗ

ಬೆಳಗ್ಗೆ 11ಕ್ಕೆ ಎಲ್ಲ ಕೇಂದ್ರಗಳೂ ಚೆನ್ನಾಗಿಯೇ ಕಾಣುತ್ತವೆ. ಭಾನುವಾರ ಹೋಗಿ, ಇಲ್ಲವೇ ಸಂಜೆ 7ರ ಮೇಲೆ ಹೋಗಿ. ರೋಗಿಗಳು ಎಲ್ಲಿದ್ದಾರೆ? ಎಲ್ಲರೂ ಮಲಗಿದ್ದಾರಾ, ಕೆಲವರಾದರೂ ಊಟದ ಟೇಬಲ್ಲಿಗೆ ಬಂದು ಕೂತಿದ್ದಾರಾ? ಕರೆಗಂಟೆ ಒತ್ತಿದವರ ಬಳಿಗೆ ಎಷ್ಟು ಹೊತ್ತಿಗೆ ಬರುತ್ತಾರೆ? ಕರೆಗಂಟೆ ಲಕ್ವ ಹೊಡೆದ ಕೈಯ ಪಕ್ಕದಲ್ಲಿದೆಯಾ, ಆಡುವ ಕೈಯ ಪಕ್ಕದಲ್ಲಿದೆಯಾ? ಈ ಕೊನೆಯದು ಚಿಕ್ಕ ವಿಷಯದಂತೆ ಕಾಣುತ್ತದೆ, ಆದರೆ ನನಗೆ ಒಂದು ವಾರ್ಡಿನ ಗುಣ ಗೊತ್ತಾಗುವುದು ಅದರಿಂದಲೇ.

ಒಬ್ಬರನ್ನು ಮಂಚದಿಂದ ಕುರ್ಚಿಗೆ ದಾಟಿಸುವುದನ್ನು, ಆ ರೋಗಿಯ ಒಪ್ಪಿಗೆ ಇದ್ದರೆ, ನಿಂತು ನೋಡಿ. ಕುರ್ಚಿಯ ಬ್ರೇಕ್ ಹಾಕಿದರಾ, ಕಾಲಿಡುವ ಹಲಗೆ ಎತ್ತಿದರಾ, ಪಾದ ಎರಡೂ ನೆಲಕ್ಕೆ ಊರಿದವಾ? "ಮುಂದಕ್ಕೆ ಬಾಗಿ, ಮೂಗು ಕಾಲ್ಬೆರಳ ನೇರಕ್ಕೆ ಬರಲಿ" ಎಂದು ಹೇಳಿ ರೋಗಿಯಿಂದಲೇ ಏಳಿಸಿದರಾ, ಅಥವಾ ಕಂಕುಳಿಗೆ ಕೈಹಾಕಿ ಮೂಟೆಯಂತೆ ಎತ್ತಿದರಾ? ಕುರ್ಚಿಯಲ್ಲಿ ಕೂತವರ ಒತ್ತಡವನ್ನು 15ರಿಂದ 30 ನಿಮಿಷಕ್ಕೊಮ್ಮೆ, ಬಾಗಿಸಿಯೋ ಎತ್ತಿಯೋ, ಸಡಿಲಿಸಬೇಕು. ಯಾರಾದರೂ ಮಾಡುತ್ತಿದ್ದಾರಾ ನೋಡಿ. ಮಗ್ಗುಲು ಬದಲಿಸಿದ ಚಾರ್ಟ್ ಕೇಳಿ. ಎಲ್ಲ ಸಹಿಗಳೂ ಒಂದೇ ಪೆನ್ನಿನಲ್ಲಿ ಒಂದೇ ಸಲ ಹಾಕಿದಂತಿದ್ದರೆ ನಿಮಗೇ ತಿಳಿಯುತ್ತದೆ.

ಇನ್ನೆರಡು ಪ್ರಶ್ನೆ ಆಡಳಿತದವರಿಗೆ. ಮಧ್ಯರಾತ್ರಿ ಜ್ವರ ಬಂದರೆ, ಉಸಿರು ಸಿಕ್ಕಿಕೊಂಡರೆ ಡಾಕ್ಟರು ಕಟ್ಟಡದಲ್ಲೇ ಇರುತ್ತಾರಾ, ಫೋನಿನಲ್ಲಾ? ಕಳೆದ ಮೂರು ತಿಂಗಳಲ್ಲಿ ಇಲ್ಲಿಗೆ ಬಂದಮೇಲೆ ಹಾಸಿಗೆ ಹುಣ್ಣಾದವರು ಎಷ್ಟು ಮಂದಿ? "ಒಬ್ಬರೂ ಇಲ್ಲ" ಎನ್ನುವವರಿಗಿಂತ, "ಇಬ್ಬರಿಗಾಯಿತು, ಆಮೇಲೆ ಇಂತಿಂಥದ್ದು ಬದಲಿಸಿಕೊಂಡೆವು" ಎನ್ನುವವರನ್ನು ನಾನು ಹೆಚ್ಚು ನಂಬುತ್ತೇನೆ.

ಕೊನೆಯದಾಗಿ, ಮನೆಗೆ ಕಳಿಸುವ ಮುಂಚೆ ಮನೆಯವರೊಬ್ಬರು ಕೇಂದ್ರದಲ್ಲೇ ಒಂದು ಹಗಲು ಒಂದು ರಾತ್ರಿ ಇದ್ದು, ಎಲ್ಲವನ್ನೂ ತಾವೇ ಮಾಡಿ ನೋಡುವ ವ್ಯವಸ್ಥೆ ಇದೆಯಾ ಎಂದು ಕೇಳಿ. ಮನೆಯವರು ಕರೆದರೆ ಮಾತ್ರ ಸಿಬ್ಬಂದಿ ಬರಬೇಕು. ದೊಡ್ಡಮ್ಮನ ಜೊತೆ ಹಾಗೆ ಉಳಿದದ್ದು ನಮ್ಮಕ್ಕ. ಮಗ್ಗುಲು ಬದಲಿಸುವುದು, ಕುರ್ಚಿಗೆ ದಾಟಿಸುವುದು, ಮಾತ್ರೆಯ ಹೊತ್ತು ಎಲ್ಲ ಅವಳಿಗೆ ಸಲೀಸಾಯಿತು. ತೊಡಕಾದದ್ದು ಶೌಚಾಲಯದಲ್ಲಿ: ಕೇಂದ್ರದಲ್ಲಿ ಹಿಡಿಕಂಬಿ ಎಡಗಡೆ ಇತ್ತು, ಮನೆಯಲ್ಲಿ ಎಡಗಡೆ ಬರೀ ಬಾಗಿಲು. ಅದು ಆ ರಾತ್ರಿ 3 ಗಂಟೆಗೆ ಅವಳಿಗೆ ಹೊಳೆಯಿತು. ಬೆಳಗ್ಗೆ ಆಕ್ಯುಪೇಷನಲ್ ಥೆರಪಿಸ್ಟ್ ಜೊತೆ ಕೂತು, ಕಮೋಡ್ ಕುರ್ಚಿ ಬರುವ ತನಕ ಡಿಸ್ಚಾರ್ಜನ್ನು ಐದು ದಿನ ಮುಂದಕ್ಕೆ ಹಾಕಿಸಿದಳು.